ಸಾಣೆ ಮಾಮನ ಕೈ

“ಕೈ ಒಳಗೆ ಹಾಕು, ಕೈ ಒಳಗೆ,” ಎನ್ನುತ್ತ ಸಾಣೆ ಮಾಮನ ಹೆಂಡತಿ ತಾವೇ ಬಗ್ಗಿ, ಗಂಡನ ಎರಡೂ ಕೈಗಳನ್ನು ಬಿಳಿ ಹೊದಿಕೆಯ ಕೆಳಗೆ ಸೇರಿಸಿ, ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದರು. ಎದುರುಮನೆಯವಳು ಆಗಷ್ಟೇ ಆ ಕೈಗಳನ್ನು ಎದೆಯ ಮೇಲೆ ಚೆಂದವಾಗಿ ಜೋಡಿಸಿಟ್ಟಿದ್ದಳು. ಮಾಡಿದ್ದನ್ನು ಕೆಡಿಸಿಬಿಟ್ಟರಲ್ಲ ಎಂದು ಅವಳಿಗೆ ಸಾವಿನ ಮನೆಯಲ್ಲೂ ಕೊಂಚ ಮುನಿಸು ಬಂತು.

“ಹೊರಗೆ ಇದ್ರೆ ಏನಾಗತ್ತೆ ಅಕ್ಕಾ? ನೋಡೋಕೆ ಎಷ್ಟು ಚೆನ್ನಾಗಿತ್ತು.”

“ಅವರಿಗೆ ಇಷ್ಟ ಆಗಲ್ಲ ಕಣೇ. ಯಾರಾದ್ರೂ ಕೈ ನೋಡಿದ್ರೆ ಸಾಕು, ಬೆನ್ನ ಹಿಂದೆ ಬಚ್ಚಿಟ್ಕೊಳ್ಳೋರು. ನಿಂಗೇ ಗೊತ್ತಲ್ಲ.”

ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಪ್ರೊಫೆಸರಮ್ಮ ಆ ಮಾತು ಕೇಳಿ, ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟರು.

ಅವರಿಗೆ ಎಪ್ಪತ್ತನಾಲ್ಕು ವರ್ಷ. ಮಂಡಿನೋವು ಬೇರೆ. ಸುದ್ದಿ ತಿಳಿದದ್ದು ಬೆಳಗ್ಗೆ ಏಳಕ್ಕೆ. ಮಾಮ ಹಿಂದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲವಂತೆ. ವಾಹನ ಬರುವುದು ಹನ್ನೊಂದಕ್ಕೆ. ಅಷ್ಟರೊಳಗೆ ಹೋಗಿ ಮುಖ ನೋಡಿ, ಹೆಂಡತಿಯ ಹತ್ತಿರ ಎರಡು ಮಾತಾಡಿ ಹೊರಟುಬಿಡುವುದು ಎಂದು ಅವರು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದರು. ಆ ಎರಡು ಮಾತಿನ ಜೊತೆ ಮೂರನೆಯದೊಂದೂ ಇತ್ತು. ಅದನ್ನು ಹೇಳಬೇಕಾದವರಿಗೆ ಅವರು ಇಪ್ಪತ್ತೊಂಬತ್ತು ವರ್ಷ ಹೇಳಿರಲಿಲ್ಲ. ದೇಶವಿದೇಶದ ಸಭೆಗಳಲ್ಲಿ ನಿಂತು ಗಂಟೆಗಟ್ಟಲೆ ಮಾತಾಡಿದ ಬಾಯಿ, ಆ ಒಂದು ಮಾತಿಗೆ ಮಾತ್ರ ಬೀಗ ಹಾಕಿಕೊಂಡು ಕೂತಿತ್ತು. ಈಗ ಹೇಳೋಣವೆಂದರೆ ಕೇಳಬೇಕಾದವರು ಕಣ್ಣು ಮುಚ್ಚಿ ಮಲಗಿದ್ದಾರೆ.

“ಮೇಡಂ ಬಂದ್ರು, ಮೇಡಂ ಬಂದ್ರು,” ಎಂದು ಹೆಂಡತಿ ಎದ್ದು ಬಂದು ಅವರ ಕೈ ಹಿಡಿದುಕೊಂಡರು. “ಇಷ್ಟು ದೂರ, ಈ ಕಾಲಲ್ಲಿ… ಅವರಿದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ.”

ನಡುಮನೆಯ ತುಂಬ ನಾಲ್ಕು ಮನೆಯಿಂದ ತಂದ ನಾಲ್ಕು ಬಗೆಯ ಕುರ್ಚಿಗಳಿದ್ದವು. ಕಿಟಕಿಯ ಕಟ್ಟೆಯ ಮೇಲೆ ಮೂರು ಸಾಣೆಕಲ್ಲು: ಒರಟು, ಮಧ್ಯಮ, ನುಣುಪು. ನುಣುಪಿನದು ನಡುವೆ ಸವೆದು ತೊಟ್ಟಿಲಿನಂತೆ ತಗ್ಗಾಗಿತ್ತು. ಅವುಗಳ ಪಕ್ಕದ ಗೋಡೆಯಲ್ಲಿ, ಗಾಜು ಹಾಕಿಸಿದ ಒಂದು ಚಿತ್ರ. ನೇರಳೆ ಬಣ್ಣದ ಚುಕ್ಕೆಗಳ ಗುಂಪು. ನೋಡಿದವರು ಹೂವೋ ಹಣ್ಣೋ ಎಂದುಕೊಳ್ಳಬೇಕು. ಪ್ರೊಫೆಸರಮ್ಮನಿಗೆ ಅದು ಏನೆಂದು ಗೊತ್ತಿತ್ತು. ಅವರು ಬೇಕೆಂದೇ ಆ ಗೋಡೆಗೆ ಬೆನ್ನು ಹಾಕಿ ಕುಳಿತರು.

ಅವರಿಗೆ ಎದುರಾಗಿ ಕೂತವನು ಬೀದಿಯ ತುದಿಯ ದರ್ಜಿ. ಸುಮ್ಮನೆ ಕೂರುವುದು ಅವನ ಜಾಯಮಾನವಲ್ಲ.

“ನಮ್ಮ ಬೀದೀಲಿ ಒಂದು ಮೊಂಡು ಚೂರಿ ತೋರಿಸಿ ನೋಡೋಣ ಮೇಡಂ,” ಎಂದ. “ಸಿಗಲ್ಲ. ಎಲ್ಲಾ ಮಾಮನ ಕೈಲಿ ಸಾಣೆ ಹಿಡಿಸಿಕೊಂಡಿದ್ದೇ. ನನ್ನ ಕತ್ತರಿ ಅವರ ಕೈಗೆ ಹೋಗಿ ಬಂದ್ರೆ ಬಟ್ಟೆ ಅದನ್ನ ನೋಡಿದ ಕೂಡ್ಲೇ ಹರ್ಕೊಳ್ಳೋದು. ಒಂದ್ಸಲ ಕೇಳ್ದೆ, ಆಫೀಸಲ್ಲಿ ಏನು ಮಾಮ ಕೆಲಸ ಅಂತ. ‘ಮಿದುಳು ಕೊಯ್ತಿದ್ದೆ’ ಅಂದ್ರು. ಅಯ್ಯೋ, ತಲೆ ತಿನ್ನೋರು ಬೇಕಾದಷ್ಟು ಜನ ಸಿಗ್ತಾರೆ, ಕೊಯ್ಯೋರನ್ನ ಇವತ್ತೇ ನೋಡಿದ್ದು ಅಂದೆ. ಬಿದ್ದು ಬಿದ್ದು ನಕ್ಕಿದ್ರು.”

“ಇಲಿ ಮಿದುಳು,” ಎಂದರು ಪ್ರೊಫೆಸರಮ್ಮ.

“ಯಾವುದಾದ್ರೂ ಆಗ್ಲಿ. ‘ನಮ್ಮ ಮೇಡಂ ಅದರಲ್ಲಿ ದೊಡ್ಡದೊಂದು ಕಂಡುಹಿಡಿದ್ರು’ ಅಂತ ಬಂದೋರಿಗೆಲ್ಲಾ ಹೇಳೋರು. ಏನು ಅಂತ ಮಾತ್ರ ನನ್ನ ಮಂಡೆಗೆ ಹೋಗ್ಲಿಲ್ಲ. ನೀವೇ ಬಂದಿದ್ದೀರಿ, ಹೇಳಿಬಿಡಿ.”

ಇದು ಹೇಳುವ ಹೊತ್ತೇ ಎಂದು ಅವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಹೇಳಿ ಎನ್ನುವಂತೆ ತಲೆಯಾಡಿಸಿದರು.

“ದೊಡ್ಡವರ ಮಿದುಳು ಅಂದ್ರೆ ಕಟ್ಟಿ ಮುಗಿಸಿದ ಮನೆ, ಇನ್ನು ಅದರ ಗೋಡೆ ಕದಲಲ್ಲ ಅಂತ ನಾವೆಲ್ಲ ತಿಳ್ಕೊಂಡಿದ್ವಿ,” ಎಂದು ಅವರು ಶುರು ಮಾಡಿದರು. “ಹಾಗಲ್ಲ. ಮಿದುಳಿನ ತಳದಲ್ಲಿ ಹೈಪೋಥಾಲಮಸ್ ಅಂತ ಒಂದು ಸಣ್ಣ ಜಾಗ ಇದೆ. ಹಸಿವು, ಬಾಯಾರಿಕೆ, ನಿದ್ದೆ, ಎಲ್ಲಾ ಅದರ ಉಸ್ತುವಾರಿ. ತಾಯಿ ಮರಿಗೆ ಹಾಲು ಕುಡಿಸ್ತಾಳಲ್ಲ, ಆ ದಿನಗಳಲ್ಲಿ ಅಲ್ಲಿರೋ ಜೀವಕಣಗಳ ಮಧ್ಯದ ಅಡ್ಡಗೋಡೆಗಳು ಹಿಂದಕ್ಕೆ ಸರೀತವೆ. ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ತವೆ, ಎಲ್ಲಾ ಒಟ್ಟಿಗೆ ಕೆಲಸ ಮಾಡೋಕೆ. ಮರಿ ಹಾಲು ಬಿಟ್ಟ ಮೇಲೆ ಗೋಡೆಗಳು ವಾಪಸ್ಸು ಬರ್ತವೆ.”

“ಹಾಗಾದ್ರೆ ಅದೇ!” ಎಂದಳು ಎದುರುಮನೆಯವಳು. “ನನ್ನ ಮಗ ಹಾಲು ಕುಡಿಯೋ ಕಾಲದಲ್ಲಿ ನಾನು ಬೀಗದ ಕೈಯನ್ನ ಅಕ್ಕಿ ಡಬ್ಬೀಲಿ ಇಟ್ಟಿದ್ದೆ. ನಮ್ಮತ್ತೆ ನನಗೆ ತಲೆ ಕೆಟ್ಟಿದೆ ಅಂದ್ರು. ತಲೇಲಿ ಗೋಡೆ ರಿಪೇರಿ ನಡೀತಿತ್ತು ಅಂತ ಅವರಿಗೇನು ಗೊತ್ತು.”

ನಗಬಾರದೆಂದುಕೊಂಡೇ ಎಲ್ಲರೂ ನಕ್ಕರು. ಹೆಂಡತಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಪ್ರೊಫೆಸರಮ್ಮ ಮಾತ್ರ ನಗಲಿಲ್ಲ.

“ಆ ಚಿತ್ರ ಅದೇ ಅಲ್ವಾ ಮೇಡಂ?” ದರ್ಜಿ ಅವರ ಬೆನ್ನ ಹಿಂದಿನ ಗೋಡೆಗೆ ಬೆರಳು ತೋರಿಸಿದ. “ಮಾಮ ಕತ್ತರಿ ಕೊಡೋವಾಗೆಲ್ಲಾ ಅದರ ಮುಂದೆ ನಿಲ್ಲಿಸೋರು. ‘ನೋಡು, ಕೈ ಅಂದ್ರೆ ಇದು. ಒಂದು ಕಡೇನೂ ಹರಿದಿಲ್ಲ, ಸುಕ್ಕಿಲ್ಲ. ನನ್ನದಲ್ಲಪ್ಪ, ನನ್ನ ಜಾಗಕ್ಕೆ ಬಂದ ಹುಡುಗಿ ಕೊಯ್ದಿದ್ದು’ ಅನ್ನೋರು.”

ಪ್ರೊಫೆಸರಮ್ಮ ಹೊದಿಕೆಯ ಕೆಳಗಿನ ಎರಡು ಉಬ್ಬುಗಳನ್ನು ನೋಡುತ್ತ ಕುಳಿತರು. ಒಳಗಿನಿಂದ ಮಗು ಅಳುವ ಸದ್ದು ಬಂತು. ಮಾಮನ ಮಗಳು ನಾಲ್ಕು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಅಪ್ಪನ ತಲೆಯ ಬಳಿ ನಿಂತಳು. ಎದುರುಮನೆಯವಳು ಕೈ ಚಾಚಿದಳು.

“ಕೊಡೇ ಇಲ್ಲಿ. ಬೆಳಗ್ಗೆಯಿಂದ ಎತ್ಕೊಂಡೇ ಇದೀಯ.”

“ಇರ್ಲಿ ಬಿಡಿ.” ಅವಳು ಅಪ್ಪನ ಮುಖ ನೋಡುತ್ತಲೇ ಹೇಳಿದಳು. “ಇವಳನ್ನ ಒಂದ್ಸಲಾನೂ ಎತ್ಕೊಳ್ಳಲಿಲ್ಲ ಅಪ್ಪ. ಎದುರಿಗೆ ಕೂತು, ಕೈನ ತೊಡೆ ಕೆಳಗೆ ಹಾಕ್ಕೊಂಡು, ಗಂಟೆಗಟ್ಟಲೆ ನೋಡೋರು. ತಗೊಳಪ್ಪಾ ಅಂದ್ರೆ ‘ಬೇಡಮ್ಮ, ಕೈ ನಡುಗತ್ತೆ’. ನನ್ನನ್ನೂ ಎತ್ಕೊಂಡಿಲ್ಲವಂತೆ. ನಮ್ಮನೆ ಫೋಟೋ ಎಲ್ಲಾ ತೆಗೆದು ನೋಡಿ, ಅಮ್ಮನ ಕೈಯಲ್ಲಿ ಇದೀನಿ, ಅಜ್ಜಿ ಕೈಯಲ್ಲಿ ಇದೀನಿ. ಅಪ್ಪ ಪಕ್ಕದಲ್ಲಿ ಕೈ ಹಿಂದೆ ಕಟ್ಕೊಂಡು, ಮದುವೆಗೆ ಬಂದ ನೆಂಟರ ಥರ.”

“ಕೈ ನಡುಗತ್ತಾ?” ದರ್ಜಿ ಹುಬ್ಬೇರಿಸಿದ. “ನಡುಗೋ ಕೈಲಿ ಸಾಣೆ ಹಿಡಿಯೋಕಾಗತ್ತೇನಮ್ಮ? ನಾನು ಇಪ್ಪತ್ತು ವರ್ಷ ಎದುರಿಗೆ ಕೂತು ನೋಡಿದ್ದೀನಿ.”

“ಕಲ್ಲು ತಡ್ಕೊಳ್ಳತ್ತೆ, ಮಗು ತಡ್ಕೊಳ್ಳಲ್ಲ ಅನ್ನೋರು,” ಎಂದರು ಹೆಂಡತಿ. “ಕಣ್ಣಿಗೆ ಕಾಣೋ ನಡುಕ ಅಲ್ಲವಂತೆ ಅದು.”

ಅವರು ಪ್ರೊಫೆಸರಮ್ಮನ ಕಡೆ ತಿರುಗಿದರು. ಆ ಮುಖದಲ್ಲಿ ದೂರು ಇರಲಿಲ್ಲ. ಏನೂ ತಿಳಿಯದವರಿಗೆ ವಿವರಿಸಿ ಹೇಳುತ್ತಾರೆ ಎಂಬ ನಂಬಿಕೆ ಮಾತ್ರ ಇತ್ತು.

“ಅಲ್ವಾ ಮೇಡಂ? ನೀವೇ ತಾನೇ ಮೊದಲು ನೋಡಿದ್ದು?”

*

ಮೂವತ್ಮೂರು ವರ್ಷದ ಹಿಂದಿನ ಮಾತು. ಪ್ರಯೋಗಾಲಯದ ಎರಡನೇ ಮಹಡಿ, ಉತ್ತರದ ಕಿಟಕಿ, ಅದರ ಕೆಳಗೆ ಕೊಯ್ಯುವ ಯಂತ್ರ. ಮೇಣದ ತುಂಡಿನೊಳಗೆ ಇಲಿಯ ಮಿದುಳನ್ನು ಕೂರಿಸಿ, ಸಾಣೆ ಮಾಮ ಚಕ್ರ ತಿರುಗಿಸುವರು. ಅಲಗಿನಿಂದ ಕೂದಲಿಗಿಂತ ತೆಳುವಾದ ಪದರಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಾಗಿ ಇಳಿಯುವುವು. ಅದನ್ನು ಒದ್ದೆ ಕುಂಚದಲ್ಲಿ ಎತ್ತಿ, ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಹಿಡಿಯುವುದು. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುವ ವಸ್ತು. ಕೆಲಸ ಸರಿಯಾಗಿ ಸಾಗಿದ ದಿನ “ಇವತ್ತು ಮೇಣ ನನ್ನ ಮಾತು ಕೇಳ್ತಿದೆ ಮೇಡಂ” ಎನ್ನುವರು. ಅಲಗಿಗೆ ಬೇರೆಯವರು ಸಾಣೆ ಹಿಡಿಯಲು ಬಿಡುತ್ತಿರಲಿಲ್ಲ. ಹೆಸರು ಅಲ್ಲಿಂದಲೇ ಬಂದದ್ದು.

ಆ ವರ್ಷ ಪ್ರೊಫೆಸರಮ್ಮನಿಗೆ ಒಂದು ತಲೆನೋವು ಶುರುವಾಯಿತು. ಹತ್ತು ಇಲಿಗಳ ಪದರಗಳಲ್ಲಿ ಮೂರರಲ್ಲಿ, ಅವರಿಗೆ ಬೇಕಾದ ಜಾಗದ ಕಣಗಳು ಒತ್ತೊತ್ತಾಗಿ ಕಂಡವು. ಅಲಗು ಮೊಂಡಾದರೆ, ಇಲ್ಲವೇ ಚಕ್ರ ತಿರುಗಿಸುವ ಕೈ ಅದುರಿದರೆ ಪದರ ಹೀಗೆ ಮುದುಡುವುದುಂಟು. ಮಾಮ ಅಲಗನ್ನು ಮತ್ತೆ ಮತ್ತೆ ಸಾಣೆ ಹಿಡಿದರು. ಕೂದಲನ್ನು ನಿಲ್ಲಿಸಿ ಸೀಳಿ ತೋರಿಸಿದರು. ಮುಂದಿನ ತಿಂಗಳೂ ಅದೇ ಕತೆ.

“ಅಲಗು ಸರಿ ಇದೆ ಅಂದ್ಮೇಲೆ ಉಳಿದಿದ್ದು ಕೈ,” ಎಂದರು ಪ್ರೊಫೆಸರಮ್ಮ.

ಮಾಮ ತಡವರಿಸಿದರು. “ಆದ್ರೆ ಮೇಡಂ, ಅದೇ ಪದರದಲ್ಲಿ ಪಕ್ಕದ ಜಾಗ ಸರಿಯಾಗೇ ಇದ್ದಂಗಿದೆಯಲ್ಲ? ಕೈ ಅದುರಿದ್ರೆ ಅದೂ ಮುದುಡ್ಬೇಕಿತ್ತು…”

“ಪಕ್ಕದ್ದು ನಮಗೆ ಬೇಡ. ನಾವು ನೋಡಬೇಕಾದ್ದು ಇದು.” ಅವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. “ನಿಮ್ಮ ಕೈ ನಡುಗ್ತಿದೆ. ನಿಮಗೇ ಗೊತ್ತಾಗದಷ್ಟು ಸಣ್ಣದಾಗಿ. ಲೆನ್ಸ್ ಸುಳ್ಳು ಹೇಳಲ್ಲ.”

ಮಾಮ ಎರಡೂ ಕೈಗಳನ್ನು ಎದುರಿಗೆ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ ಬೆನ್ನ ಹಿಂದೆ ಕಟ್ಟಿಕೊಂಡರು. ಅವರ ಮಗಳು ಹುಟ್ಟಿ ಆಗ ಒಂಬತ್ತು ದಿನ. ಅದು ಪ್ರೊಫೆಸರಮ್ಮನಿಗೆ ಗೊತ್ತಿತ್ತು. ರಜೆ ಅರ್ಜಿಗೆ ಅವರೇ ಸಹಿ ಹಾಕಿದ್ದರು. ವರ್ಷದ ಕೊನೆಯಲ್ಲಿ ಮಾಮನನ್ನು ಕೆಳಗಿನ ಇಲಿಮನೆಗೆ ಹಾಕಲಾಯಿತು. ಕೆಟ್ಟ ಪದರಗಳನ್ನು ಎಸೆಯಲು ಹೇಳಿದ್ದರೂ ಮಾಮನಿಗೆ ಮನಸ್ಸು ಬರಲಿಲ್ಲ. ನಂಬರು ಬರೆದು, ಮರದ ಪೆಟ್ಟಿಗೆಗಳಲ್ಲಿ ತುಂಬಿ, ಉಗ್ರಾಣದ ತಳದ ಹಲಗೆಗೆ ತಳ್ಳಿ ಹೋದರು.

*

“ದಿನಾ ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಬಟ್ಟಲು ತುಂಬಾ ನೀರು ಹಿಡ್ಕೊಂಡು ಇಲ್ಲೇ ನಿಲ್ಲೋರು,” ಹೆಂಡತಿ ಬಾಗಿಲ ಬಳಿಯ ಜಾಗ ತೋರಿಸಿದರು. “ಒಂದು ಹನಿ ಚೆಲ್ಲಿದ್ದು ನಾನು ನೋಡಿಲ್ಲ. ರೀ, ಎಲ್ಲಿ ನಡುಗ್ತಿದೆ, ಮಗೂನ ತಗೊಳ್ರೀ ಅಂದ್ರೆ, ‘ನಿನ್ನ ಕಣ್ಣಿಗೇನು ಕಾಣತ್ತೆ? ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ’ ಅನ್ನೋರು. ಅಷ್ಟು ನಂಬಿಕೆ ನಿಮ್ಮ ಮೇಲೆ.”

ಇದು ಪ್ರೊಫೆಸರಮ್ಮನಿಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯನ ಕೆಲಸ ಕಿತ್ತುಕೊಂಡೆ ಎಂಬುದನ್ನಷ್ಟೇ ಅವರು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಓಡಾಡಿದ್ದರು. ಅದೇ ಸಾಕಷ್ಟು ಭಾರವಾಗಿತ್ತು. ಮನೆಗೆ ಹೋದ ಮೇಲೆ ಆ ಮನುಷ್ಯ ಆ ಕೈಗಳನ್ನು ಏನು ಮಾಡಿದ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

“ಸ್ವಲ್ಪ ನೀರು ಬೇಕಿತ್ತು,” ಎಂದು ಎದ್ದರು. ಮಗಳು “ಬನ್ನಿ ಮೇಡಂ” ಎಂದು ಕೂಸಿನ ಸಮೇತ ಅಡುಗೆಮನೆಗೆ ನಡೆದಳು.

*

ಮಾಮ ಇಲಿಮನೆಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅಲ್ಲಿಯವರೆಗೆ ಖಾಲಿ ಇದ್ದ ಯಂತ್ರದ ಮುಂದೆ ಹೊಸಬಳು ಬಂದಿದ್ದಳು, ಒಳ್ಳೆಯ ತರಬೇತಿಯವಳು. ಅವಳ ಪದರಗಳಲ್ಲೂ ಹತ್ತರಲ್ಲಿ ಮೂರು ಒತ್ತೊತ್ತಾಗಿಯೇ ಬಂದವು. ಇಬ್ಬರಿಗೂ ಒಂದೇ ಬಗೆಯ ನಡುಕವಿರಲು ಸಾಧ್ಯವೇ? ಪ್ರೊಫೆಸರಮ್ಮ ಉಗ್ರಾಣಕ್ಕೆ ಇಳಿದು ಹಳೆಯ ಮರದ ಪೆಟ್ಟಿಗೆಗಳನ್ನು ಎಳೆದು, ದೂಳು ಒರೆಸಿ, ಒಂದೊಂದೇ ಗಾಜನ್ನು ಲೆನ್ಸಿನ ಕೆಳಗಿಟ್ಟರು. ಆವತ್ತು ಮೊದಲ ಸಲ ಪಕ್ಕದ ಜಾಗ ನೋಡಿದರು. ಅಲ್ಲಿ ಒಂದು ಕಣವೂ ಮುದುಡಿರಲಿಲ್ಲ.

ಆಮೇಲೆ ಇಲಿಮನೆಯ ಚೀಟಿಗಳನ್ನು ತರಿಸಿಕೊಂಡರು. ನಂಬರು, ವಯಸ್ಸು, ತೂಕ ಬರೆದರೆ ಸಾಕಿತ್ತು. ಮಾಮ ಯಾರೂ ಕೇಳದಿದ್ದರೂ ಕೆಲವು ಚೀಟಿಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದರು: ‘ತಾಯಿ. ಮರಿ ಎಂಟು.’ ‘ತಾಯಿ. ಮರಿ ಆರು, ಒಂದು ಬಡಕಲು.’ ಒತ್ತೊತ್ತಾದ ಪದರಗಳೆಲ್ಲ ಆ ತಾಯಿಗಳವು. ಮಾಮ ಕೊಯ್ದ ಇಲಿಗಳ ವಿವರವಿದ್ದ ಹಳೆಯ ಪುಸ್ತಕ ತೆಗೆಸಿ ನೋಡಿದರೆ ಅಲ್ಲೂ ಹಾಗೆಯೇ. ಯಾರ ಕೈಯೂ ಅದುರಿರಲಿಲ್ಲ. ಮಿದುಳೇ ತನ್ನ ಗೋಡೆ ಸರಿಸಿಕೊಂಡಿತ್ತು.

ಅದೇ ಮಧ್ಯಾಹ್ನ ಅವರು ಹೇಳಬೇಕೆಂದೇ ಇಲಿಮನೆಗೆ ಹೋದರು. ಮಾಮ ನೀರಿನ ಬಾಟಲಿ ತುಂಬುತ್ತಿದ್ದವರು ಅವರನ್ನು ಕಂಡು ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟರು. ಹಿಂದೆ ಇಬ್ಬರು ವಿದ್ಯಾರ್ಥಿಗಳು ನಿಂತಿದ್ದರು. ಪ್ರೊಫೆಸರಮ್ಮ ಬಾಯಿ ತೆರೆದು, “ಇಲಿಗಳು ಹೇಗಿವೆ?” ಎಂದರು.

“ಚೆನ್ನಾಗಿವೆ ಮೇಡಂ.”

ನಾಳೆ ಹೇಳಿದರಾಯಿತು ಎಂದುಕೊಂಡು ಮೆಟ್ಟಿಲು ಹತ್ತಿದರು. ಆ ನಾಳೆಗೆ ಇನ್ನೊಂದು ನಾಳೆ ಸೇರಿತು. ಪ್ರಬಂಧ ಬರೆಯುವಾಗ ‘ಇವನ್ನು ಹಿಂದೆ ತಯಾರಿಕೆಯ ದೋಷವೆಂದು ಭಾವಿಸಲಾಗಿತ್ತು’ ಎಂಬ ಒಂದು ವಾಕ್ಯಕ್ಕೆ ಇಡೀ ದಿನ ತಗಲಿತು. ಅಚ್ಚಾದ ಪ್ರತಿಯೊಂದನ್ನು ಮಾಮನಿಗೂ ಕೊಟ್ಟರು. ಭಾಷೆ ತಿಳಿಯದಿದ್ದರೂ ಅವರು ಪುಟ ತಿರುಗಿಸಿ, ಚಿತ್ರವಿದ್ದ ಪುಟದಲ್ಲೇ ನಿಂತುಬಿಟ್ಟರು.

“ಎಂಥಾ ಕೈ ಮೇಡಂ! ಹೊಸಬಳು ಕೊಯ್ದಿದ್ದಾ?”

ಅದು ಮಾಮನದೇ ಪದರ. ಇದ್ದುದರಲ್ಲಿ ಎಲ್ಲಕ್ಕಿಂತ ಸ್ವಚ್ಛವಾದದ್ದು ಅದೇ ಎಂದು ಪ್ರೊಫೆಸರಮ್ಮನೇ ಆರಿಸಿದ್ದರು. ನಿಮ್ಮದೇ ಎಂದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

“ಹೂಂ,” ಎಂದರು.

*

ಲೋಟದ ನೀರು ಹಾಗೇ ಉಳಿದಿತ್ತು. ಪ್ರೊಫೆಸರಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದರು. ಸಭೆಯಲ್ಲಿ ಮಾತಾಡಿದ ಹಾಗೆ ಬರಲಿಲ್ಲ. ಹಿಂದುಮುಂದಾಯಿತು, ಎರಡು ಸಲ ತೊದಲಿತು. ಕೂಸಿನ ಬೆನ್ನು ತಟ್ಟುತ್ತಿದ್ದ ಮಗಳ ಕೈ ನಡುವೆ ಎಲ್ಲೋ ನಿಂತಿತು.

“ಹಾಗಾದ್ರೆ ಅಪ್ಪನ ಕೈ ನಡುಗ್ತಿರ್ಲಿಲ್ಲ.”

“ಇಲ್ಲ.”

“ಗೋಡೆ ಮೇಲಿರೋ ಚಿತ್ರ?”

“ನಿಮ್ಮಪ್ಪನದೇ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಇಪ್ಪತ್ತೊಂಬತ್ತು ವರ್ಷ ಆಯ್ತಮ್ಮ.”

ಮಗಳು ಲೆಕ್ಕ ಹಾಕಿದಳು. ತುಟಿ ಮಾತ್ರ ಅಲ್ಲಾಡಿತು.

“ನಂಗೆ ಆಗ ನಾಲ್ಕು ವರ್ಷ,” ಎಂದಳು. “ಎತ್ಕೋಬಹುದಿತ್ತು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರೊಫೆಸರಮ್ಮ ಕ್ಷಮಿಸು ಎನ್ನಲು ಹೋದರು. ಕೇಳಿಸಿಕೊಳ್ಳಬೇಕಾದವರು ಇವಳಲ್ಲ ಎನಿಸಿ ಲೋಟವನ್ನು ಕಟ್ಟೆಯ ಮೇಲಿಟ್ಟರು. ಬೀದಿಯಲ್ಲಿ ವಾಹನ ಬಂದು ನಿಂತ ಸದ್ದು ಕೇಳಿಸಿತು.

ಚಾಲಕ ಹೊಸ್ತಿಲಲ್ಲಿ ನಿಂತು, “ಹೊರಡೋಣ್ವಾ?” ಎಂದ. ದರ್ಜಿ ಕುರ್ಚಿಗಳನ್ನು ಬದಿಗೆ ಸರಿಸುತ್ತಿದ್ದ. ಮಗಳು ಅಡುಗೆಮನೆಯಿಂದ ನೇರ ಬಂದವಳೇ ಅಪ್ಪನ ಪಕ್ಕ ಮಂಡಿಯೂರಿ, ಒಂದೇ ಕೈಯಲ್ಲಿ ಹೊದಿಕೆಯ ಅಂಚನ್ನು ಹಾಸಿಗೆಯಡಿಯಿಂದ ಎಳೆದಳು.

“ಏನೇ ಅದು, ಬಿಡೇ,” ಹೆಂಡತಿ ಧಾವಿಸಿದರು. “ಅವರಿಗೆ ಇಷ್ಟ ಆಗಲ್ಲ ಅಂದ್ನಲ್ಲ.”

“ಅಮ್ಮ, ಅಪ್ಪನ ಕೈ ನಡುಗ್ತಿರ್ಲಿಲ್ಲ.”

“ನಿಂಗೇನು ಗೊತ್ತು? ಮೇಡಮ್ಮೇ ನೋಡಿ…” ಎಂದವರು ಪ್ರೊಫೆಸರಮ್ಮನ ಮುಖ ಕಂಡು ಮಾತು ನಿಲ್ಲಿಸಿದರು.

ಎಲ್ಲರೂ ಅವರನ್ನೇ ನೋಡುತ್ತಿದ್ದರು. ಗೋಡೆಯ ಚಿತ್ರ ಈಗ ಅವರ ಕಣ್ಣೆದುರಿಗೇ ಇತ್ತು.

“ನಾನು ತಪ್ಪು ನೋಡಿದ್ದೆ,” ಎಂದರು ಪ್ರೊಫೆಸರಮ್ಮ. “ಅವರ ಕೈ ಯಾವತ್ತೂ ನಡುಗಿಲ್ಲ. ಆಮೇಲೆ ಗೊತ್ತಾಯ್ತು, ಗೊತ್ತಾದ್ಮೇಲೂ ಹೇಳ್ಲಿಲ್ಲ. ಆ ಚಿತ್ರ ಅವರು ಕೊಯ್ದಿದ್ದು. ಅವರು ಕೇಳಿದಾಗ ಸುಳ್ಳು ಹೇಳ್ದೆ.”

ದರ್ಜಿ ಎತ್ತಿದ ಕುರ್ಚಿಯನ್ನು ಕೆಳಗಿಡಲು ಮರೆತ. ಹೆಂಡತಿಯ ಕಣ್ಣು ಬಾಗಿಲ ಬಳಿ, ಬಟ್ಟಲು ಹಿಡಿದು ಗಂಡ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ಬಂತು. ಆಮೇಲೆ ಅವರು ಹಾಸಿಗೆಯ ಇನ್ನೊಂದು ಬದಿಗೆ ಬಂದು ಕುಳಿತು, ತಾವೇ ಸಿಕ್ಕಿಸಿದ್ದ ಹೊದಿಕೆಯನ್ನು ಬಿಡಿಸಿ, ಎಡಗೈಯನ್ನು ಹೊರಗೆ ತೆಗೆದರು. ಹೆಬ್ಬೆರಳಿನ ಮೇಲೆ ಅಲಗು ತಾಗಿದ ಹಳೆಯ ಗೆರೆ ಇತ್ತು. ಬಲಗೈಯನ್ನು ಮಗಳು ತೆಗೆದಳು. ಮಡಚಿದ ಬೆರಳುಗಳು ಗಟ್ಟಿಯಾಗಿದ್ದವು. ತಾಯಿ ಮಗಳು ಇಬ್ಬರೂ ಸೇರಿ ಎಷ್ಟು ಬಿಡಿಸಲು ಬಂತೋ ಅಷ್ಟು ಬಿಡಿಸಿ, ಎರಡು ಅಂಗೈಗಳನ್ನು ಹೊಟ್ಟೆಯ ಮೇಲೆ ಮೇಲುಮುಖವಾಗಿ ಒಂದರ ಪಕ್ಕ ಒಂದು ಇಟ್ಟರು.

ಮಗಳು ಹೆಗಲಿನಿಂದ ಕೂಸನ್ನು ಇಳಿಸಿ ಆ ಅಂಗೈಗಳ ಮೇಲೆ ಮಲಗಿಸಿದಳು. ಭಾರ ಬೀಳದಂತೆ ಕೆಳಗೆ ತನ್ನ ಎರಡು ಕೈ ಕೊಟ್ಟಳು.

ಚಾಲಕ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಪ್ರೊಫೆಸರಮ್ಮ ಗೋಡೆ ಹಿಡಿದು ನಿಂತಿದ್ದರು. ಅವರ ಕೈ ನಡುಗುತ್ತಿತ್ತು. ಬೆಳಗ್ಗೆಯಿಂದ ಅತ್ತ ಕೂಸು ಸುಮ್ಮನಾಗಿ, ತಾತನ ಅಂಗೈಯ ಮೇಲೆ ಮಲಗಿ, ತಲೆಯ ಮೇಲಿನ ಫ್ಯಾನು ತಿರುಗುವುದನ್ನು ನೋಡುತ್ತಿತ್ತು.